ಸಂಜೆಯ ಮೀಟಿಂಗ್ ಹುಡುಕಿಕೊಳ್ಳುವವರಿಗೆ

ಕುಡಿತ ಬಿಡಬೇಕು ಅಂತ ತೀರ್ಮಾನ ಮಾಡುವುದು ಹೆಚ್ಚಾಗಿ ಬೆಳಿಗ್ಗೆ. ಆ ತೀರ್ಮಾನ ಮುರಿಯುವುದು ಸಂಜೆ. ಆದ್ದರಿಂದ ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರಿ ಮಾತಾಡಿಕೊಳ್ಳುವ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಮೀಟಿಂಗ್ ಹುಡುಕುವಾಗ ಮೊದಲು ಗಡಿಯಾರ ನೋಡಿ. ನೀವು ದಿನದ ಮೊದಲ ಪೆಗ್ ಹಾಕುವುದು ಏಳಕ್ಕಾದರೆ, ಆರೂವರೆಗೆ ಶುರುವಾಗುವ ಗುಂಪು ಬೇಕು. ಎಂಟಕ್ಕೆ ಶುರುವಾಗುವ ಗುಂಪು ಎಷ್ಟೇ ಒಳ್ಳೆಯದಿರಲಿ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆಫೀಸಿನಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ನಿಮ್ಮ ಖಾಯಂ ಬಾರ್ ಸಿಗುತ್ತದಾ ಅಂತಲೂ ಯೋಚಿಸಿ. ಸಿಗುವುದಾದರೆ ಬೇರೆ ಬಸ್ಸು ಹತ್ತಿ.

ಅದಕ್ಕೂ ಮುಂಚಿನದು ಆಸ್ಪತ್ರೆಯ ಮಾತು. ಎದ್ದಕೂಡಲೇ ಕೈ ನಡುಗುವುದು, ಒಂದು ಕ್ವಾರ್ಟರ್ ಇಳಿದ ಮೇಲೇ ನಿಲ್ಲುವುದು, ಈ ಸ್ಥಿತಿಯಿದ್ದವರು ವೈದ್ಯರನ್ನು ಕಾಣದೆ ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣಿಸುವುದು, ಜಾಗ-ಹೊತ್ತು ತಿಳಿಯದಾಗುವುದು ಶುರುವಾದರೆ ಅದು ಪ್ರಾಣಕ್ಕೇ ಅಪಾಯ. ಮಾತ್ರೆಗಳನ್ನು ಕೆಲವು ದಿನಗಳಲ್ಲಿ ಇಳಿಸುತ್ತಾ, ಬಿ1 ವಿಟಮಿನ್ ಕೊಟ್ಟು ವೈದ್ಯರು ಇದನ್ನು ದಾಟಿಸುತ್ತಾರೆ. ಮೀಟಿಂಗಿನಲ್ಲಿ ವೈದ್ಯರೂ ಇಲ್ಲ, ಔಷಧಿಯೂ ಇಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಿದೆ, ಬೇರೆ ಊರುಗಳಲ್ಲಿ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕೇಳಿ. ಎಲ್ಲಿಗೆ ಹೋಗಬೇಕೆಂದೇ ಗೊತ್ತಾಗದಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ.

ಇನ್ನು ಮೀಟಿಂಗ್. ಎಎ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ಊರಿನಲ್ಲಿ. ಕುಡಿತದಿಂದ ಹೈರಾಣಾಗಿದ್ದ ಒಬ್ಬ ಷೇರು ವ್ಯಾಪಾರಿ ಮತ್ತು ಒಬ್ಬ ಡಾಕ್ಟರ್ ಪರಸ್ಪರ ಮಾತಾಡಿಕೊಂಡೇ ಉಳಿದರು. ಇವತ್ತಿಗೂ ಒಳಗೆ ನಡೆಯುವುದು ಅದೇ. ಎಎ ಇಂಡಿಯಾದ ವೆಬ್‌ಸೈಟಿನಲ್ಲಿ ಊರುವಾರು ಪಟ್ಟಿ, ಸಹಾಯವಾಣಿ ನಂಬರು ಸಿಗುತ್ತವೆ. ಪಟ್ಟಿಯನ್ನೇ ನಂಬಿ ಹೊರಡಬೇಡಿ. ಗುಂಪುಗಳು ಸೇರುವುದು ಬಾಡಿಗೆಗೆ ಸಿಕ್ಕ ಶಾಲೆಯ ಕೊಠಡಿಯಲ್ಲೋ ಚರ್ಚಿನ ಹಾಲ್‌ನಲ್ಲೋ. ಪರೀಕ್ಷೆ, ಹಬ್ಬ ಬಂದರೆ ಜಾಗ ಬದಲಾಗುತ್ತದೆ, ಪಟ್ಟಿ ಬದಲಾಗಿರುವುದಿಲ್ಲ. ಅವತ್ತೇ ಮಧ್ಯಾಹ್ನ ಫೋನ್ ಮಾಡಿ ಕೇಳಿ: ಇವತ್ತು ಇದೆಯಾ, ಯಾವ ಗೇಟು, ಎಷ್ಟನೇ ಮಹಡಿ, ಕನ್ನಡದಲ್ಲಾ ಇಂಗ್ಲಿಷ್‌ನಲ್ಲಾ ತಮಿಳಿನಲ್ಲಾ, ಓಪನ್ನಾ ಕ್ಲೋಸ್ಡಾ. ಓಪನ್ ಅಂದರೆ ಮನೆಯವರೂ ಬರಬಹುದು, ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಭಾಷೆಯ ಪ್ರಶ್ನೆ ಸಣ್ಣದಲ್ಲ. ಹೆಂಡತಿಯ ಒಡವೆ ಅಡವಿಟ್ಟಿದ್ದನ್ನು ಹರಕು ಇಂಗ್ಲಿಷ್‌ನಲ್ಲಿ ಹೇಳಿಕೊಳ್ಳುವುದು ಯಾರಿಗೂ ಆಗದ ಕೆಲಸ. ಫೋನ್ ಎತ್ತುವವರೂ ದುಡಿಯುವ ಸದಸ್ಯರೇ. ಒಮ್ಮೆ ಎತ್ತದಿದ್ದರೆ ಸಂಜೆ ಮತ್ತೆ ಮಾಡಿ.

ಒಳಗೆ ಹೋದರೆ ಬೆಂಚುಗಳು, ಗೋಡೆಗೆ ತೂಗುಹಾಕಿದ, ಕುಡಿತ ಬಿಡಲು ಎಎ ಹೇಳುವ ಹನ್ನೆರಡು ಹೆಜ್ಜೆಗಳ ಬ್ಯಾನರು, ಪೇಪರ್ ಕಪ್ಪಿನಲ್ಲಿ ಟೀ. ಒಬ್ಬರು ನಡೆಸಿಕೊಡುತ್ತಾರೆ. ಉಳಿದವರು ಸರದಿಯಂತೆ ಹೆಸರು ಹೇಳಿ, ನಾನೊಬ್ಬ ಆಲ್ಕೋಹಾಲಿಕ್ ಅಂತ ಶುರು ಮಾಡುತ್ತಾರೆ. ಎಲ್ಲರೂ ಆ ಹೆಸರು ಹಿಡಿದು ನಮಸ್ಕಾರ ಅನ್ನುತ್ತಾರೆ. ಮಾತಾಡುವವರಿಗೆ ಯಾರೂ ಅಡ್ಡ ಬಾಯಿ ಹಾಕುವುದಿಲ್ಲ, ಬುದ್ಧಿವಾದವೂ ಹೇಳುವುದಿಲ್ಲ. ಒಂದರಿಂದ ಒಂದೂವರೆ ಗಂಟೆ. ಅಡ್ಡಹೆಸರು, ಕೆಲಸ, ಜಾತಿ ಬೇಕಿಲ್ಲ. ನಿಮ್ಮ ಸರದಿ ಬಂದಾಗ, ಇವತ್ತು ಕೇಳಿಸಿಕೊಳ್ಳುತ್ತೇನೆ ಅಂದರೆ ಸಾಕು. ಕೊನೆಗೆ ಒಂದು ಡಬ್ಬಿ ಸುತ್ತು ಬರುತ್ತದೆ, ಬಾಡಿಗೆ ಮತ್ತು ಟೀ ಖರ್ಚಿಗೆ. ಹೊಸಬರು ಹಾಕಬೇಕೆಂದಿಲ್ಲ. ಎಎ ಹೆಸರಿನಲ್ಲಿ ಯಾರಾದರೂ ಪ್ರವೇಶ ಶುಲ್ಕ ಕೇಳಿದರೆ ಅದು ಎಎ ಅಲ್ಲ, ಎದ್ದು ಬನ್ನಿ. ಚರ್ಚಿನ ಹಾಲ್ ಅಂತ ಹಿಂಜರಿಯುವವರಿಗೆ: ಅದು ಬರೀ ಬಾಡಿಗೆ ಜಾಗ. ದೇವರ ಮಾತು ಬರುತ್ತದೆ, ಯಾವ ದೇವರು ಅನ್ನುವುದು ನಿಮಗೇ ಬಿಟ್ಟದ್ದು.

ಮೀಟಿಂಗ್ ಮುಗಿದ ನಂತರದ ಹತ್ತು ನಿಮಿಷವನ್ನೇ ಹೆಚ್ಚಿನ ಹೊಸಬರು ಕಳೆದುಕೊಳ್ಳುತ್ತಾರೆ. ಮುಜುಗರದಿಂದ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ. ನಿಲ್ಲಿ. ಮೂರು ಜನರ ನಂಬರು ತಗೊಳ್ಳಿ. ರಾತ್ರಿ ಒಂಬತ್ತಕ್ಕೆ ಬಾಯಿ ಒಣಗಿದಾಗ ಆ ನಂಬರುಗಳೇ ಕೈಗೆ ಬರುವುದು. ಅಂಗಡಿಗೆ ಹೋಗುವ ಮೊದಲು ಫೋನ್ ಮಾಡಬೇಕು, ಬಂದ ಮೇಲೆ ಅಲ್ಲ. ಒಂದು ಮೀಟಿಂಗ್ ನೋಡಿ ಒಗ್ಗಲಿಲ್ಲ ಅನ್ನಬೇಡಿ. ಒಂದೊಂದು ಗುಂಪಿನ ಗಾಳಿಯೇ ಬೇರೆ. ಕನಿಷ್ಠ ಮೂರು ಗುಂಪು, ಎರಡು ವಾರ ನೋಡಿ. ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್ ಅಂತ ಹಳಬರು ಹೇಳುತ್ತಾರೆ. ದಿನವೂ ಗುಂಪಿಲ್ಲದ ಊರಿನವರು ಉಳಿದ ದಿನಗಳಿಗೆ ಆನ್‌ಲೈನ್ ಮೀಟಿಂಗ್ ಹಿಡಿಯಬಹುದು.

ಹಳ್ಳಿಗಳಲ್ಲಿ ಎಎಗಿಂತ ಹತ್ತಿರವಿರುವುದು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಎಂಟು ದಿನ ಅಲ್ಲೇ ಉಳಿಯುವುದು, ಆಮೇಲೆ ಶಿಬಿರ ಮುಗಿಸಿದವರ ನವಜೀವನ ಸಮಿತಿಯ ಸಭೆಗಳು. ಇಲ್ಲಿ ಗುಟ್ಟಿಲ್ಲ, ಊರಿಗೆಲ್ಲ ಗೊತ್ತಾಗುತ್ತದೆ. ಕೆಲವರಿಗೆ ಅದೇ ಕಾವಲು, ಕೆಲವರಿಗೆ ಅದೇ ಅಡ್ಡಿ. ಶಿಬಿರ ಮುಗಿಸಿ ಸಭೆ ತಪ್ಪಿಸುವುದು ಮಾತ್ರ ದೊಡ್ಡ ತಪ್ಪು. ಎಂಟು ದಿನ ಬೇಲಿಯೊಳಗೆ ಬಿಟ್ಟದ್ದನ್ನು ಒಂಬತ್ತನೇ ದಿನ ಸಂತೆಬೀದಿಯಲ್ಲಿ ಉಳಿಸಿಕೊಳ್ಳಬೇಕು.

ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯೇ ಗುಂಪುಗಳಿವೆ, ಕುಡಿಯುವವರು ಎಎಗೆ ಬರದಿದ್ದರೂ ಹೋಗಬಹುದು. ಕೈಮುಗಿದು ಕೇಳಿಕೊಳ್ಳುವುದು ಒಂದೇ: ಕುಡಿತ ಬಿಡಿಸಲು ಅಂತ ಸಾರಿನಲ್ಲಿ ಗುಟ್ಟಾಗಿ ಮಾತ್ರೆ, ಪುಡಿ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಮ್, ಅಂದರೆ ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಔಷಧಿ ಇದ್ದು, ಗೊತ್ತಿಲ್ಲದೆ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವ ಹೋಗಬಹುದು.

ನಡುವೆ ಕುಡಿದುಬಿಟ್ಟರೂ ಬಾಗಿಲು ಮುಚ್ಚುವುದಿಲ್ಲ. ಸದಸ್ಯನಾಗಲು ಬೇಕಾದ್ದು ನಿಲ್ಲಿಸುವ ಆಸೆ ಒಂದೇ. ಅವತ್ತು ಕುಡಿದಿದ್ದರೆ ಸಾಮಾನ್ಯವಾಗಿ ಮಾತಾಡದೆ ಕೇಳಿಸಿಕೊಂಡು ಕೂರಲು ಹೇಳುತ್ತಾರೆ, ಕುಡಿಯದ ದಿನಗಳ ಲೆಕ್ಕ ಮತ್ತೆ ಒಂದರಿಂದ ಶುರು. ಗಾಡಿ ಓಡಿಸಿಕೊಂಡು ಹೋಗಬೇಡಿ. ನಂಬರು ತಗೊಂಡಿದ್ದ ಮೂವರಲ್ಲಿ ಒಬ್ಬರಿಗೆ ಫೋನ್ ಮಾಡಿ ಕರೆದುಕೊಂಡು ಹೋಗಲು ಹೇಳಿ.