ಬ್ಯಾಟರಿ ಎಷ್ಟು ದಿನ ಬರುತ್ತೆ ಸರ್?

ತುಮಕೂರಿನ ಸುತ್ತಮುತ್ತಲ ಬೆಟ್ಟ, ಬಯಲುಗಳಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ), ಹಕ್ಕಿ ದನಿ ಹಿಡಿಯುವ ರೆಕಾರ್ಡರ್ ಕಟ್ಟುವುದು ನನ್ನ ಕೆಲಸ. ಅಧ್ಯಯನಕ್ಕೆ ಬರುವ ಹುಡುಗರು, ಹುಡುಗಿಯರು ಎಲ್ಲರೂ ಕೇಳುವ ಪ್ರಶ್ನೆ ಮೇಲಿನದು. ಡಬ್ಬಿಯ ಮೇಲೆ ಬರೆದ ತಿಂಗಳುಗಳನ್ನು ನಂಬಿ ದೇವರಾಯನದುರ್ಗ ಹತ್ತಬೇಡಿ ಅನ್ನುತ್ತೇನೆ. ಅದು ಯಾವ ಸೆಟ್ಟಿಂಗ್‌ನಲ್ಲಿ, ಯಾವ ಸೆಲ್ ಹಾಕಿ ಬಂದ ಲೆಕ್ಕವೋ! ನಿಮ್ಮ ಸೆಟ್ಟಿಂಗ್, ನಿಮ್ಮ ಸೆಲ್, ನಿಮ್ಮ ಮೆಮೊರಿ ಕಾರ್ಡ್ ಹಾಕಿ ಮನೆಯಲ್ಲಿ ಓಡಿಸಿ ನೋಡಿ. ಆಗ ಸಿಗುವುದೇ ಉತ್ತರ.

ಮೊದಲು ಕಾಗದದ ಲೆಕ್ಕ. ರೆಕಾರ್ಡರ್ ಓಡುವಾಗ 20 ಮಿಲಿಆಂಪ್ ಎಳೆಯುತ್ತದೆ ಅನ್ನಿ, ಸೆಲ್ 2,000 ಮಿಲಿಆಂಪ್ ಅವರ್‌ದು (ಸೆಲ್ ಎಷ್ಟು ಕರೆಂಟ್ ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಅಳತೆ). ಭಾಗಿಸಿದರೆ 100 ಗಂಟೆ. ದಿನಕ್ಕೆ 4 ಗಂಟೆಯಂತೆ 25 ದಿನ. "ಮೂರು ಸೆಲ್ ಇದೆ, ಹಾಗಾದ್ರೆ 75 ದಿನ ಅಲ್ವಾ?" ಅಲ್ಲ. ಸಾಲಾಗಿ ಜೋಡಿಸಿದಾಗ ವೋಲ್ಟೇಜ್ ಕೂಡುತ್ತದೆ, ಮಿಲಿಆಂಪ್ ಅವರ್ ಕೂಡುವುದಿಲ್ಲ. ಜೊತೆಗೆ ಯಂತ್ರ ಸುಮ್ನೆ ಕೂತಾಗಲೂ ಚೂರು ಕರೆಂಟ್ ತಿನ್ನುತ್ತದೆ.

ಕ್ಯಾಮೆರಾ ಟ್ರ್ಯಾಪ್ ಇನ್ನೂ ತರಲೆ. ಹಗಲಿನ ಫೋಟೊಗಳಲ್ಲಿ ದನ, ಕುರಿ, ಊರಿನ ಜನ ಎಲ್ಲ ಚೆನ್ನಾಗಿ ಬಂದಿರುತ್ತಾರೆ. ರಾತ್ರಿಯದ್ದು ಒಂದೂ ಇಲ್ಲ. ಚಿರತೆ, ಕರಡಿ ಓಡಾಡುವುದು ಹೆಚ್ಚಾಗಿ ರಾತ್ರಿ! ಇನ್ಫ್ರಾರೆಡ್ ಫ್ಲ್ಯಾಶ್ ಹೊತ್ತಿಕೊಳ್ಳುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಬೇಕು. ಬಳಲಿದ ಸೆಲ್‌ನ ಒಳಗಿನ ರೆಸಿಸ್ಟೆನ್ಸ್ ಏರಿರುತ್ತದೆ, ಆ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಆಫ್. ಸೆಲ್ ತೆಗೆದು ಮಲ್ಟಿಮೀಟರ್ ಹಿಡಿದರೆ 1.4 ವೋಲ್ಟ್ ತೋರಿಸುತ್ತದೆ. ಸೆಲ್ ಚೆನ್ನಾಗೇ ಇದೆ ಅಂದುಕೊಂಡು ಎಲ್ಲರೂ ಕ್ಯಾಮೆರಾವನ್ನು ಬೈಯುತ್ತಾರೆ.

ಕೆಲಸ ಕೊಡದೆ ಅಳೆದ ವೋಲ್ಟೇಜ್‌ಗೆ ನಾನು ಬೆಲೆ ಕೊಡುವುದಿಲ್ಲ. 10 ಓಮ್‌ನ, ಅರ್ಧ ವ್ಯಾಟ್‌ನ ಒಂದು ರೆಸಿಸ್ಟರ್ ತನ್ನಿ, ಒಂದೆರಡು ರೂಪಾಯಿಯ ಮಾಲು. ಸೆಲ್‌ನ ಎರಡು ತುದಿಗೆ ಅದನ್ನು ಒತ್ತಿ ಹಿಡಿದರೆ ಸುಮಾರು 150 ಮಿಲಿಆಂಪ್ ಹರಿಯುತ್ತದೆ. ಹತ್ತು ಸೆಕೆಂಡ್ ಬಿಟ್ಟು, ಹಿಡಿದಿರುವಾಗಲೇ ಮೀಟರ್ ನೋಡಿ. ಎಂಟು ಸೆಲ್‌ನಲ್ಲಿ ಏಳು ಗಟ್ಟಿಯಾಗಿ ನಿಂತು, ಒಂದು ಸರ್ರನೆ ಇಳಿದರೆ ಆ ಒಂದನ್ನು ಆಚೆ ಇಡಿ. ಹಾಗೇ ಬಿಟ್ಟರೆ ಅದು ಮೊದಲು ಖಾಲಿಯಾಗುತ್ತದೆ, ಉಳಿದವು ಅದರೊಳಗೆ ಉಲ್ಟಾ ಕರೆಂಟ್ ನೂಕುತ್ತವೆ, ಕೊನೆಗೆ ಸೋರಿ ಸ್ಪ್ರಿಂಗ್ ಎಲ್ಲ ಹಸಿರು ಕಟ್ಟುತ್ತದೆ. (ಈ ರೆಸಿಸ್ಟರ್ ಆಟ ಪೆನ್ಸಿಲ್ ಸೆಲ್‌ಗೆ ಮಾತ್ರ. ಲಿಥಿಯಂ ಅಯಾನ್ ಸೆಲ್‌ಗೆ ಹಿಡಿದರೆ ಬೆರಳು ಸುಡುತ್ತದೆ.) ಸೆಟ್‌ಗಳಿಗೆ ಮಾರ್ಕರ್‌ನಲ್ಲಿ ಅ, ಆ, ಇ ಅಂತ ಬರೆದುಬಿಡಿ. ಹೊಸದು ಹಳೆಯದು ಬೆರೆಯಬಾರದು.

ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನನಗಿಷ್ಟ, ಫ್ಲ್ಯಾಶ್ ಹೊಡೆತ ತಡೆದುಕೊಳ್ಳುತ್ತದೆ. ಅದರದು 1.2 ವೋಲ್ಟ್ ಆದ್ದರಿಂದ, ಫುಲ್ ಇದ್ದರೂ ಕೆಲವು ಕ್ಯಾಮೆರಾ ಅರ್ಧ ಅಂತ ತೋರಿಸುತ್ತವೆ. ಗಾಬರಿ ಬೇಡ. ಹಾಗಂತ ಆ ಗುರುತನ್ನು ನೆಚ್ಚಲೂ ಬೇಡ: ಕೊನೆಯವರೆಗೂ ಒಂದೇ ಸಮ ಇದ್ದು ಆಮೇಲೆ ದಿಢೀರನೆ ಬೀಳುತ್ತದೆ.

ಬಿಸಿಲಿನದೂ ಒಂದು ಮಾತು. ಮಧುಗಿರಿ ಕಡೆಯ ಮೈದನಹಳ್ಳಿಯಲ್ಲಿ, ಕೃಷ್ಣಮೃಗಗಳ ಹುಲ್ಲುಗಾವಲಿನಲ್ಲಿ, ನೆರಳು ಹುಡುಕಬೇಕು. ಸಾಮಾನ್ಯವಾಗಿ ಲಿಥಿಯಂ ಅಯಾನ್ ಬ್ಯಾಟರಿಯನ್ನು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು. ಮುಚ್ಚಿದ ಡಬ್ಬಿ ಬಿಸಿಲಲ್ಲಿ ಕೂತರೆ ಒಳಗೆ ಅಷ್ಟಾಗುವುದು ಕಷ್ಟವೇನಲ್ಲ. ಸೋಲಾರ್ ಪ್ಯಾನಲ್ ಬಿಸಿಲಿಗಿರಲಿ, ಬ್ಯಾಟರಿ ನೆರಳಿಗಿರಲಿ. ಏಪ್ರಿಲ್‌ನಲ್ಲಿ ಕಟ್ಟುವುದಿದ್ದರೆ ಮನೆಯ ಪರೀಕ್ಷೆಯನ್ನೂ ತಗಡಿನ ಶೀಟ್ ಕೆಳಗೆ ಮಾಡಿ.

ಸೆಲ್ ಬದಲಿಸಿದ ಮೇಲೆ ಗಡಿಯಾರ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಎಷ್ಟೋ ಯಂತ್ರಗಳಲ್ಲಿ ಸೆಲ್ ತೆಗೆದ ಕೂಡಲೇ ತಾರೀಖು ಅಳಿಸಿಹೋಗುತ್ತದೆ. ಕೆಲವು ರೆಕಾರ್ಡರ್‌ಗಳು ಗ್ರೀನಿಚ್ ಸಮಯದಲ್ಲಿ ಓಡುತ್ತವೆ. ಅದಕ್ಕೂ ನಮಗೂ ಐದೂವರೆ ಗಂಟೆ ಅಂತರ. ಬೆಳಿಗ್ಗೆ 6:00 ಅಂತ ಹಾಕಿ ಬಂದರೆ ಅದು ಶುರುವಾಗುವುದು ನಮ್ಮ 11:30ಕ್ಕೆ, ಅಷ್ಟು ಹೊತ್ತಿಗೆ ಹಕ್ಕಿಗಳ ಗಲಾಟೆ ಮುಗಿದಿರುತ್ತದೆ. ಅಂಥದ್ದರಲ್ಲಿ 00:30 ಅಂತ ಹಾಕಬೇಕು. ಹಾಕಿ, ಒಂದು ರಾತ್ರಿ ಮಹಡಿ ಮೇಲಿಟ್ಟು, ಬೆಳಗಿನ ಕಾಗೆ ಯಾವ ಫೈಲ್‌ನಲ್ಲಿ ಕೂಗಿದೆ ಅಂತ ಕೇಳಿಕೊಂಡೇ ಬಸ್ ಹತ್ತಿ.