ನಂಜುಂಡಪ್ಪ ವರದಿ ಯಾರಿಗೆ ಬರೆದದ್ದು?

ರಾಯಚೂರು ಜಿಲ್ಲೆಯಲ್ಲಿ ಅರ್ಥಶಾಸ್ತ್ರ ಕಲಿಸಿದವನಿಗೆ ಒಂದು ಅನುಕೂಲವಿದೆ. ‘ಪ್ರಾದೇಶಿಕ ಅಸಮತೋಲನ’ ಎಂಬ ಅಧ್ಯಾಯಕ್ಕೆ ಉದಾಹರಣೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಉದಾಹರಣೆಗಳೇ ಎದುರಿನ ಬೆಂಚಿನಲ್ಲಿ ಕುಳಿತಿರುತ್ತವೆ. ದೇವದುರ್ಗದಿಂದ ಬಸ್ಸಿಗೆ ಜೋತುಬಿದ್ದು ಬರುವ ಹುಡುಗರಿಗೆ, ನಂಜುಂಡಪ್ಪ ವರದಿಯಲ್ಲಿ ರಾಜ್ಯದ ಸರಾಸರಿ 1 ಎಂದಿಟ್ಟುಕೊಂಡರೆ ನಿಮ್ಮ ತಾಲ್ಲೂಕಿನ ಅಭಿವೃದ್ಧಿ ಸೂಚ್ಯಂಕ 0.53, 175 ತಾಲ್ಲೂಕುಗಳಲ್ಲಿ ಕಟ್ಟಕಡೆಯದು ಎಂದು ಹೇಳುವಾಗ ನನಗೇ ಮುಜುಗರವಾಗುತ್ತಿತ್ತು. ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, “ಇದನ್ನು ಸರ್ಕಾರವೇ ಬರೆಸಿದ್ದಾ ಸರ್?” ಎಂದು ಕೇಳಿದ. ಹೌದಪ್ಪ, ಸರ್ಕಾರವೇ ಎಂದೆ. “ಹಾಗಾದರೆ ಅವರಿಗೆ ಗೊತ್ತಿದೆ” ಎಂದು ಕುಳಿತುಕೊಂಡ. ಸಮಿತಿಗಳ ಬಗ್ಗೆ ನಾನು ಓದಿದ ಯಾವ ಪ್ರಬಂಧವೂ ಇಷ್ಟು ಚುರುಕಾಗಿ ವಿಷಯಕ್ಕೆ ಬಂದಿಲ್ಲ.

ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಸಮಿತಿಯನ್ನು ಎಸ್.ಎಂ. ಕೃಷ್ಣ ಅವರ ಸರ್ಕಾರ ನೇಮಿಸಿದ್ದು 2000ದಲ್ಲಿ. ವರದಿ ಬಂದದ್ದು 2002ರಲ್ಲಿ. 35 ಸೂಚಕಗಳನ್ನು ಹಿಡಿದು ಅಂದಿನ ಅಷ್ಟೂ ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಸಮಿತಿ ಹೇಳಿತು. ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಎಂಟು ವರ್ಷಗಳಲ್ಲಿ ಒಟ್ಟು 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಬೇಕು ಎಂದಿತು. ಆ ಯೋಜನೆ ಬಜೆಟ್ಟಿನೊಳಗೆ ಕಾಲಿಟ್ಟದ್ದು 2007-08ರಲ್ಲಿ. ವರದಿ ಬಂದ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಶಾಲೆಗೆ ಸೇರುವ ವಯಸ್ಸಿಗೆ ಬಂದಿತ್ತು.

ಇಷ್ಟಾದರೂ ನಮ್ಮ ಕಡೆಯ ಸಭೆಗಳಲ್ಲಿ ಕೇಳಿಬರುವ “ವರದಿಯನ್ನು ಅಕ್ಷರಶಃ ಜಾರಿ ಮಾಡಿ” ಎಂಬ ಘೋಷಣೆಗೆ ನಾನು ಕೈ ಎತ್ತುವುದಿಲ್ಲ. ಇದರಿಂದ ಸ್ನೇಹಿತರು ಕೆಲವರು ಮುನಿಸಿಕೊಂಡಿದ್ದಾರೆ. ಸಮಿತಿಯವರು ನಮ್ಮ ಮತ ಕೇಳಿ ಬಂದವರಲ್ಲ, ತಪ್ಪಾದರೆ ಅವರನ್ನು ಇಳಿಸುವ ದಾರಿಯೂ ನಮಗಿಲ್ಲ. ತೀರ್ಮಾನ ಮಾಡಬೇಕಾದವರು ಗೆದ್ದು ಬಂದವರೇ. ಸಮಿತಿಯಿಂದ ನಮಗೆ ಸಿಗಬೇಕಾದದ್ದು ಬೇರೆ: ಸರ್ಕಾರವನ್ನು ನಿಲ್ಲಿಸಿ ಅಳೆಯಲು ಒಂದು ಅಳತೆಗೋಲು. ನಂಜುಂಡಪ್ಪನವರು ಅದನ್ನು ಕೊಟ್ಟರು. ಅವರಿಗಿಂತ ಮುಂಚೆಯೂ ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆ ಎಂಬ ಭಾಷಣಗಳಿದ್ದವು. ಅವಕ್ಕೆ ಪ್ರತಿಭಾಷಣಗಳೂ ಇದ್ದವು. ವರದಿ ಬಂದ ಮೇಲೆ ಮಾತು ತಾಲ್ಲೂಕಿಗೆ ಇಳಿಯಿತು. ದಕ್ಷಿಣದ ಕನಕಪುರ, ಮಾಗಡಿ, ಪಾವಗಡ, ಬಾಗೇಪಲ್ಲಿಗಳೂ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿ ಕಾಣಿಸಿಕೊಂಡವು. ಬೆಂಗಳೂರಿನ ಮಗ್ಗುಲಲ್ಲೇ ಇರುವ, ಘಟಾನುಘಟಿ ರಾಜಕಾರಣಿಗಳ ಊರು ಎನಿಸಿಕೊಂಡ ಕನಕಪುರವೂ ಅಲ್ಲಿದೆ ಎಂದಾಗ ನನ್ನ ತರಗತಿಯಲ್ಲಿ ನಗು ಏಳುತ್ತಿತ್ತು. ಉತ್ತರ, ದಕ್ಷಿಣ ಎಂಬ ಜಗಳದಿಂದ ಹುಡುಗರನ್ನು ಹೊರತರಲು ಆ ನಗು ಸಾಕಾಗುತ್ತಿತ್ತು.

ಅಳತೆಗೋಲಿಗೂ ವಯಸ್ಸಾಗುತ್ತದೆ. ಲಕ್ಷ ಜನಸಂಖ್ಯೆಗೆ ಎಷ್ಟು ದೂರವಾಣಿಗಳಿವೆ ಎಂಬುದೂ ಆ ಸೂಚಕಗಳಲ್ಲಿ ಒಂದು. ಇವತ್ತು ಕುರಿ ಕಾಯುವವನ ಜೇಬಿನಲ್ಲೂ ಮೊಬೈಲ್ ಇದೆ, ಆದರೆ ಅವನ ಊರಿಗೆ ವೈದ್ಯರು ಬಂದಿದ್ದಾರೆಂದು ಅದರಿಂದ ಹೇಳಲಾಗದು. ತಾಲ್ಲೂಕುಗಳೂ ಒಡೆದಿವೆ: ಸುರಪುರದಿಂದ ಹುಣಸಗಿ, ಶಹಾಪುರದಿಂದ ವಡಗೇರಾ, ಮಾನ್ವಿಯಿಂದ ಸಿರವಾರ ಬೇರೆಯಾದವು. ಆದರೂ ಇಪ್ಪತ್ತು ವರ್ಷ ನಾವು ಆ ಹಳೆಯ ಪಟ್ಟಿಯನ್ನೇ ಹಿಡಿದು ಅನುದಾನ ಕೇಳಿದೆವು, ಸರ್ಕಾರದವರೂ ಅದನ್ನೇ ಹಿಡಿದು ಹಂಚಿದರು.

ಐಐಟಿಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ರಾಯಚೂರಿಗೆ ಐಐಟಿ ಬೇಕು ಎಂಬುದು ಈ ವರದಿಯ ಶಿಫಾರಸು. 2015ರಲ್ಲಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಸೂಚಿಸಿದ ಸ್ಥಳಗಳಲ್ಲಿ ಧಾರವಾಡ ಮತ್ತು ಮೈಸೂರಿನ ಜೊತೆ ರಾಯಚೂರೂ ಇತ್ತು. ಆಯ್ಕೆಯಾದದ್ದು ಧಾರವಾಡ. 2016ರಲ್ಲಿ ಅಲ್ಲಿ ತರಗತಿಗಳು ಶುರುವಾದವು, ನಮಗೆ 2019ರಲ್ಲಿ ಐಐಐಟಿ, ಅಂದರೆ ಐಐಟಿಯಲ್ಲ, ಮಾಹಿತಿ ತಂತ್ರಜ್ಞಾನ ಸಂಸ್ಥೆ ಬಂತು. ಧಾರವಾಡದವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ವಿಮಾನ ನಿಲ್ದಾಣ ಹತ್ತಿರವಿದೆ, ಪ್ರಾಧ್ಯಾಪಕರು ಬಂದು ನೆಲೆಸುವ ಊರು ಎಂದು ಯಾರಾದರೂ ವಾದಿಸಿದರೆ ಅದು ತೆಗೆದುಹಾಕುವ ವಾದವೇನಲ್ಲ. ಆದರೆ ಆ ವಾದವನ್ನು ಯಾರು ಬೇಕಾದರೂ ಓದುವ ಹಾಗೆ ಬರೆದಿಡಬೇಕಿತ್ತು: “ಸಮಿತಿ ಹೀಗೆ ಹೇಳಿತ್ತು, ಈ ಕಾರಣಕ್ಕೆ ನಾವು ಒಪ್ಪಲಿಲ್ಲ, ಬದಲಿಗೆ ರಾಯಚೂರಿಗೆ ಇದನ್ನು ಕೊಡುತ್ತೇವೆ.” ಹಾಗೆ ಬರೆಯದಿದ್ದರೆ ಜನ ತಮಗೆ ತೋಚಿದ ಕಾರಣ ಹಚ್ಚುತ್ತಾರೆ. 2022ರ ಮೇ ತಿಂಗಳಲ್ಲಿ ಏಮ್ಸ್ ಆಸ್ಪತ್ರೆಗಾಗಿ ರಾಯಚೂರಿನಲ್ಲಿ ಧರಣಿ ಆರಂಭವಾದಾಗ, ಪೆಂಡಾಲಿನಲ್ಲಿ ಪ್ರತಿ ಭಾಷಣವೂ ಕೈತಪ್ಪಿದ ಐಐಟಿಯಿಂದಲೇ ಶುರುವಾಗುತ್ತಿತ್ತು.

ವಿಚಾರಣಾ ಆಯೋಗಗಳ ವಿಷಯದಲ್ಲಿ ಇಂಥದ್ದಕ್ಕೆ ಕಾನೂನೇ ಇದೆ. 1952ರ ಕಾಯ್ದೆಯ ಪ್ರಕಾರ ನೇಮಕವಾದ ಆಯೋಗ ವರದಿ ಕೊಟ್ಟ ಆರು ತಿಂಗಳೊಳಗೆ, ಏನು ಕ್ರಮ ಕೈಗೊಂಡೆವು ಎಂಬ ಟಿಪ್ಪಣಿಯ ಸಮೇತ ಅದನ್ನು ಸದನದ ಮುಂದಿಡಬೇಕು. ಎಷ್ಟು ಸಲ ಪಾಲಿಸುತ್ತಾರೆ ಎಂಬುದು ಬೇರೆ ಮಾತು. ಬರಿಯ ಸರ್ಕಾರಿ ಆದೇಶದಿಂದ ಹುಟ್ಟುವ ಸಲಹಾ ಸಮಿತಿಗಳಿಗೆ ಈ ನಿಯಮ ತಾಗುವುದಿಲ್ಲ. ಆದೇಶದಿಂದ ಬಂದ ವರದಿಯನ್ನು ಕಪಾಟಿಗೆ ಕಳಿಸಲು ಮತ್ತೊಂದು ಆದೇಶವೂ ಬೇಡ, ಸುಮ್ಮನಿದ್ದರಾಯಿತು. ಒಪ್ಪುವುದೂ ಇಲ್ಲ, ತಿರಸ್ಕರಿಸುವುದೂ ಇಲ್ಲ, “ಪರಿಶೀಲನೆಯಲ್ಲಿದೆ”. ತಿರಸ್ಕರಿಸಿದ ಸರ್ಕಾರದೊಂದಿಗೆ ಜಗಳವನ್ನಾದರೂ ಆಡಬಹುದು, ಪರಿಶೀಲಿಸುತ್ತಿರುವ ಸರ್ಕಾರದೊಂದಿಗೆ ಅದೂ ಸಾಧ್ಯವಿಲ್ಲ.

ಹಣದ ಬಗ್ಗೆ ಒಂದು ಮಾತು. ಹತ್ತಿರದ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿದ್ದ ಪರಿಚಿತ ಎಂಜಿನಿಯರೊಬ್ಬರನ್ನು, ವಿಶೇಷ ಯೋಜನೆಯಲ್ಲಿ ಹೊಸದಾಗಿ ಏನು ಮಾಡಿದಿರಿ ಎಂದು ಕೇಳಿದ್ದೆ. ಅವರು ಸಂಕೋಚವಿಲ್ಲದೆ, “ರಸ್ತೆ ಅದೇ ಸರ್, ಲೆಕ್ಕ ಶೀರ್ಷಿಕೆ ಬೇರೆ” ಎಂದರು. ಹೇಗೂ ಆಗಬೇಕಿದ್ದ ಕೆಲಸವನ್ನೇ ವಿಶೇಷ ಎಂದು ಎಣಿಸಿದರೆ ಕೋಟಿಗಳ ಮೊತ್ತ ಕೂಡುತ್ತದೆ, ಸೂಚ್ಯಂಕ ಕದಲುವುದಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಪ್ರತ್ಯೇಕ ಮಂಡಳಿಯೂ ಬಂತು, ನೇಮಕಾತಿ ಮತ್ತು ಪ್ರವೇಶದಲ್ಲಿ ಮೀಸಲಾತಿಯೂ ಬಂತು. ನನ್ನ ವಿದ್ಯಾರ್ಥಿಗಳಿಗೆ ಇದರಿಂದ ನಿಜಕ್ಕೂ ಉಪಕಾರವಾಗಿದೆ. ಅದನ್ನು ಸಂವಿಧಾನದಲ್ಲಿ ಬರೆದಿದ್ದರಿಂದ ಸುಮ್ಮನೆ ಮರೆಯಲು ಯಾರಿಗೂ ಆಗಲಿಲ್ಲ.

2024ರಲ್ಲಿ ಸರ್ಕಾರ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಮಾಡಿತು. ಎರಡು ದಶಕಗಳ ನಂತರ ಮತ್ತೆ ಅಳೆಯುವುದು ಸರಿ. ನನ್ನ ಬೇಡಿಕೆ ಚಿಕ್ಕದು. ಹಳೆಯ ವರದಿಯ ಒಂದೊಂದು ಶಿಫಾರಸಿನ ಎದುರೂ ಆಯಿತು, ಆಗಲಿಲ್ಲ, ಯಾಕೆ ಎಂದು ಮೂರು ಕಲಂ ಹಾಕಿ, ಕನ್ನಡದಲ್ಲಿ ಅಚ್ಚು ಮಾಡಿ, ತಾಲ್ಲೂಕು ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸಲಿ. ಹೊಸ ವರದಿಗೂ ವರ್ಷಕ್ಕೊಮ್ಮೆ ಅದೇ ಆಗಲಿ. ದೇವದುರ್ಗದ ಪ್ರತಿ ಸಿಕ್ಕರೆ ನಾನೇ ನಕಲು ತೆಗೆಸಿ ಕಾಲೇಜಿಗೆ ಕೊಟ್ಟು ಬರುತ್ತೇನೆ.