ಪದಗಳ ವಂಶವೃಕ್ಷ: ‘ಡೆಲ್ವ್’ ಹಾಳೆ ಎಲ್ಲಿಗೆ ಬಂತು

ಇಂಗ್ಲಿಷ್ ಪದಗಳ ವಂಶವೃಕ್ಷ ಬರೆದಿಡುವ ಹವ್ಯಾಸದಲ್ಲಿ ಈ ಸಲ ‘ಡೆಲ್ವ್’ (delve, ಈಗಿನ ಅರ್ಥ ಆಳಕ್ಕಿಳಿದು ಕೆದಕುವುದು) ಸರದಿ. ಬೇರಿನ ಕೆಲಸ ಮುಗಿದಿದೆ, ಊರ ಹೆಸರುಗಳದ್ದು ಅರ್ಧಕ್ಕೆ ನಿಂತಿದೆ.

ಹಳೆಯ ಇಂಗ್ಲಿಷಿನಲ್ಲಿ ‘ಡೆಲ್ಫನ್’ ಅಂದರೆ ನೆಲ ಅಗೆಯುವುದು, ಅಷ್ಟೇ. ಗುದ್ದಲಿ ಹಿಡಿದವನ ಮಾತು. ಡಚ್ಚಿನಲ್ಲಿ ‘ಡೆಲ್ವೆನ್’ ಇಂದಿಗೂ ಬಳಕೆಯಲ್ಲಿದೆ. ಕುಟ್ಟಿ ಕೊರೆಯುವುದಕ್ಕೆ ರಷ್ಯನ್ನರು ಹೇಳುವ ‘ದಲ್ಬೀತ್’ ದೂರದ ದಾಯಾದಿ. ‘ಸಿಂಗ್, ಸ್ಯಾಂಗ್, ಸಂಗ್’ ಇದ್ದ ಹಾಗೆ ಇದಕ್ಕೂ ಆಗ ಒಳಸ್ವರ ಬದಲಾಗುತ್ತಿತ್ತು. ಆ ಪೈಕಿ ‘ಡಾಲ್ವೆನ್’ ನನಗೆ ಬಹಳ ಹಿಡಿಸಿತು: ಸತ್ತು ಮಣ್ಣು ಸೇರಿದವನನ್ನು ‘ಡೆಡ್ ಅಂಡ್ ಡಾಲ್ವೆನ್’ ಅನ್ನುತ್ತಿದ್ದರಂತೆ. ಈಗ ‘ಡೆಲ್ವ್ಡ್’ ಒಂದೇ. ಸಪ್ಪೆ.

ಹಾಳೆಯ ನಡುವೆ ದೊಡ್ಡದಾಗಿ ಬರೆದುಕೊಂಡಿದ್ದು 1381ರ ರೈತ ದಂಗೆಯನ್ನು. ಲಂಡನ್ ಹೊರಗಿನ ಬ್ಲ್ಯಾಕ್‌ಹೀತ್ ಬಯಲಲ್ಲಿ ಜಾನ್ ಬಾಲ್ ಎಂಬ ಪಾದ್ರಿ ಕೇಳಿದ್ದು: ಆಡಮ್ ಅಗೆಯುತ್ತಿದ್ದಾಗ, ಈವ್ ನೂಲುತ್ತಿದ್ದಾಗ ಧಣಿ ಅಂತ ಯಾರಿದ್ದ? ಅಲ್ಲಿ ‘ಅಗೆ’ ಅನ್ನುವುದಕ್ಕೆ ಇದೇ ಪದ. ಅದೇ ವರ್ಷ ಅವನನ್ನು ಗಲ್ಲಿಗೇರಿಸಿದರು.

ಪದ ಹಿಂದೆ ಸರಿದದ್ದು ಬೈಬಲಿನಲ್ಲಿ ಚೆನ್ನಾಗಿ ಕಾಣುತ್ತದೆ. ‘ಅಗೆಯಲು ಕೈಲಾಗದು, ಬೇಡಲು ನಾಚಿಕೆ’ ಎಂಬ ಲೂಕನ ಸಾಲಿಗೆ 14ನೇ ಶತಮಾನದ ವಿಕ್ಲಿಫ್ ಅನುವಾದದಲ್ಲಿ ‘ಡೆಲ್ವ್’. 1611ರ ಕಿಂಗ್ ಜೇಮ್ಸ್‌ನಲ್ಲಿ ‘ಡಿಗ್’. ಈ ಡಿಗ್ ಮಹಾಶಯ 14ನೇ ಶತಮಾನದಲ್ಲಷ್ಟೇ ತಲೆ ಹಾಕಿದವನು, ಅವನ ಮೂಲವೇ ಇನ್ನೂ ಇತ್ಯರ್ಥವಾಗಿಲ್ಲ. ಬಂದವನು ಮನೆಯನ್ನೇ ಹಿಡಿದ.

ಊರುಗಳಲ್ಲಿ ಮಾತ್ರ ಹಳೆಯ ಅರ್ಥ ಗಟ್ಟಿಯಾಗಿ ಕೂತಿದೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ಗೆ ಹೆಸರು ಬಂದದ್ದು ತೋಡಿದ ಕಾಲುವೆಯಿಂದ. (ನಮ್ಮ ಕರಾವಳಿಯಲ್ಲೂ ತೋಟದ ಪಕ್ಕ ಹರಿಯುವುದು ‘ತೋಡು’ ತಾನೇ!) ಉತ್ತರ ಇಂಗ್ಲೆಂಡಿನಲ್ಲಿ ಕಲ್ಲುಕ್ವಾರಿಗೆ ‘ಡೆಲ್ಫ್’ ಅನ್ನುತ್ತಾರೆ, ಸ್ಯಾಡಲ್‌ವರ್ತ್ ಕಡೆ ಅದೇ ಹೆಸರಿನ ಹಳ್ಳಿಯೂ ಇದೆ.

ಇತ್ತ ಪುಸ್ತಕದ ಭಾಷೆಯಲ್ಲಿ ಅದು ವಿಷಯವನ್ನು ಕೆದಕುವುದಾಗಿ ಉಳಿಯಿತು. 2022ರ ಕೊನೆಗೆ ಬರಹ ಬರೆದುಕೊಡುವ ಎಐ ಚಾಟ್‌ಜಿಪಿಟಿ ಬಂದ ಮೇಲೆ ವೈದ್ಯಕೀಯ ಪ್ರಬಂಧಗಳ ಸಾರಾಂಶಗಳಲ್ಲಿ ಅದು ಪದೇ ಪದೇ ಬಳಸುತ್ತಿದ್ದ ಈ ಪದ ದಿಢೀರನೆ ಹೆಚ್ಚಿತು. ಅದಕ್ಕೂ ಅಂಚಿನಲ್ಲಿ ಒಂದು ಸಾಲು ಕೊಟ್ಟಿದ್ದೇನೆ, ಒಲ್ಲದ ಮನಸ್ಸಿನಿಂದ.

ಬಾಕಿ ಇರುವುದು ಕ್ವಾರಿ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸುವುದು. ಆಮೇಲೆ ‘ಗ್ರೇವ್’, ಅಂದರೆ ಗೋರಿ. ಅದರ ಮೂಲ ‘ಗ್ರಫನ್’ ಕೂಡ ಅಗೆಯುವುದೇ, ಹಾಗಾಗಿ ಎರಡೂ ಹಾಳೆ ಅಕ್ಕಪಕ್ಕ ಅಂಟಿಸಬೇಕು.